ಸೊಸೆಯ ಲಿವರು, ಅತ್ತೆಯ ರಕ್ತ

ಸಮಾನಿ ಊರಿನ ಕಡಲ ದಂಡೆಯಲ್ಲಿ ಕಿನುಯೊಳ ಬಾಯಿಗೆ ಹೆದರದವರು ಇಬ್ಬರೇ. ಒಂದು ಸಮುದ್ರ, ಇನ್ನೊಂದು ಅವಳ ಸೊಸೆ ನಾಗಿಸಾ. ಸಮುದ್ರ ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಸೊಸೆ ಹಾಕಿಕೊಂಡು ಬಡ್ಡಿ ಸಮೇತ ತಿರುಗಿಸುತ್ತಿದ್ದಳು.

ಬೇಸಿಗೆ ಬಂತೆಂದರೆ ಆ ದಂಡೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಗಂಡಸರು ಮೊದಲ ಬೆಳಕಿಗೇ ದೋಣಿ ಇಳಿಸಿ ಕೊಂಬು ಎಂಬ ಕಡಲಪಾಚಿಯನ್ನು ಕಿತ್ತು ತರುತ್ತಾರೆ. ಆಳುದ್ದಕ್ಕಿಂತ ಉದ್ದನೆಯ, ತೊಗಲಿನ ಪಟ್ಟಿಯಂಥ ಪಾಚಿ. ಹೆಂಗಸರು ಅದನ್ನು ಬೆಣಚುಕಲ್ಲು ಹರಡಿದ ಅಂಗಳದ ಮೇಲೆ ಒಂದೊಂದೇ ಎಳೆ ನೇರ ಮಾಡಿ ಬಿಸಿಲಿಗೆ ಹಾಸುತ್ತಾರೆ. ಸುಕ್ಕು ಬಿದ್ದರೆ ದರ ಇಳಿಯಿತು, ಮಳೆ ತಾಗಿದರೆ ಮಾಡಿದ್ದೆಲ್ಲ ಮಣ್ಣು. ಕಿನುಯೊ ಗಂಡ ಸತ್ತ ಮೇಲೂ ಆ ಅಂಗಳವನ್ನು ಬಿಟ್ಟವಳಲ್ಲ. ಮಗ ಮಸಾಹಿಕೊ ದೋಣಿಗೆ ಹೋಗುತ್ತಿದ್ದ, ತಾಯಿ ದಂಡೆ ಆಳುತ್ತಿದ್ದಳು.

ನಾಗಿಸಾ ಗುನ್ಮಾ ಸೀಮೆಯವಳು. ಮಸಾಹಿಕೊ ಅವಳನ್ನು ಮದುವೆಯಾಗಿ ಕರೆತಂದ ದಿನ ಕಿನುಯೊ ಕೇಳಿದ ಮೊದಲ ಮಾತೇ, "ಏನಮ್ಮ, ನಿಮ್ಮ ಕಡೆ ಸಮುದ್ರ ಇದೆಯಾ?"

"ಇಲ್ಲ ಅತ್ತೆ. ನಾವು ಗಡ್ಡೆ ಬೆಳೀತೀವಿ."

"ಗಡ್ಡೆ ಅಗೆಯೋ ಕೈಗೆ ಪಾಚಿ ಹಾಸೋಕೆ ಬರುತ್ತೇನೇ?"

"ಬರಲ್ಲ. ಬೈಯದೆ ಹೇಳಿಕೊಟ್ರೆ ಬರಬಹುದು."

ಬೈಯದೆ ಹೇಳಿಕೊಡುವುದು ಕಿನುಯೊಗೆ ಗೊತ್ತಿರಲಿಲ್ಲ. ಹೀಗೆ ಶುರುವಾದದ್ದು ಹನ್ನೆರಡು ವರ್ಷ ನಡೆಯಿತು.

ಆಮೇಲೆ ಕಿನುಯೊಳ ಕಣ್ಣು ಹಳದಿಯಾಯಿತು. ವಯಸ್ಸಿನಲ್ಲಿದ್ದಾಗ ಮೈಗೆ ಹತ್ತಿದ್ದ ಹೆಪಟೈಟಿಸ್ ಸೋಂಕನ್ನು ಮಾತ್ರೆಗಳು ಯಾವತ್ತೋ ಓಡಿಸಿದ್ದವು. ಆದರೆ ಅಷ್ಟರಲ್ಲಿ ಲಿವರು ಒಣಗಿದ ಹಾಗಲಕಾಯಿಯಂತೆ ಗಂಟುಗಂಟಾಗಿ ಮುದುಡಿತ್ತು. ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಬಾತವು. ಪಾಚಿಯ ಎಳೆ ಎತ್ತಿದರೆ ಉಸಿರು ಕಟ್ಟುತ್ತಿತ್ತು. ಸಪ್ಪೊರೊ ನಗರದ ದೊಡ್ಡಾಸ್ಪತ್ರೆಯವರು ಸುತ್ತಿ ಬಳಸಿ ಮಾತಾಡಲಿಲ್ಲ. ಬೇರೆ ಲಿವರು ಹಾಕಬೇಕು. ಸತ್ತವರದು ಸಿಗಲಿ ಎಂದು ಕಾದರೆ ಕಾಯುವವರೇ ಇರುವುದಿಲ್ಲ. ಬದುಕಿರುವ ನೆಂಟರು ಯಾರಾದರೂ ಅರ್ಧ ಕೊಟ್ಟರೆ ಇಬ್ಬರ ಮೈಯಲ್ಲೂ ಅದು ಮತ್ತೆ ಬೆಳೆದುಕೊಳ್ಳುತ್ತದೆ.

ಮಸಾಹಿಕೊ ಎದೆ ತಟ್ಟಿಕೊಂಡು ಮುಂದೆ ಬಂದ. ಪರೀಕ್ಷೆ ಮಾಡಿದರು. ಡಾಕ್ಟರು ಹೊರಿಕಾವಾ ಐವತ್ತು ದಾಟಿದ, ಮೆಲುದನಿಯ ಹೆಂಗಸು. ಸ್ಕ್ಯಾನಿನ ಚಿತ್ರಗಳನ್ನು ಎರಡು ಸಲ ನೋಡಿ, "ನಿಮ್ಮ ಲಿವರಿನಲ್ಲಿ ತುಂಬ ಕೊಬ್ಬಿದೆ, ಇದನ್ನು ಕೊಡೋಕಾಗಲ್ಲ" ಎಂದರು.

ಹಳದಿ ಕಣ್ಣಿನಲ್ಲೇ ಕಿನುಯೊ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಕರಿದ ಕೋಳಿ ಕಮ್ಮಿ ತಿನ್ನೋ ಅಂತ ಬಡ್ಕೊಂಡೆ. ಈಗ ನೋಡು, ತಾಯಿಗೂ ಬೇಡದ ಲಿವರು ಇಟ್ಕೊಂಡಿದೀಯ."

ಮಸಾಹಿಕೊ ತಲೆ ತಗ್ಗಿಸಿದ. ಆಗ ಗೋಡೆಗೆ ಒರಗಿ ನಿಂತಿದ್ದ ನಾಗಿಸಾ, "ನಂದು ನೋಡಿ ಡಾಕ್ಟ್ರೇ" ಎಂದಳು.

ಕಿನುಯೊಳೇ ಮೊದಲು ಬಾಯಿಬಿಟ್ಟಳು. "ಬೇಡ. ಅವಳ ಋಣ ನನಗೆ ಬೇಡ. ಸತ್ರೂ ಪರವಾಗಿಲ್ಲ."

"ನೀವು ಸತ್ರೆ ಅಷ್ಟೂ ಪಾಚಿ ನಾನೊಬ್ಬಳೇ ಹಾಸಬೇಕು" ಎಂದಳು ನಾಗಿಸಾ. "ಅದು ನನಗೆ ಬೇಡ."

ರಕ್ತದ ಗುಂಪು ಕೂಡಿತು, ಅಳತೆ ಕೂಡಿತು. ಆಸ್ಪತ್ರೆಯವರು ನಾಗಿಸಾಳನ್ನು ಬೇರೆ ಕೂರಿಸಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಹಿಂದೆ ಸರಿಯಬೇಕೆನಿಸಿದರೆ ಕಾರಣ ಯಾರಿಗೂ ಹೇಳದೆ ನಾವೇ ನಿಲ್ಲಿಸುತ್ತೇವೆ ಎಂದೆಲ್ಲ ಮತ್ತೆ ಮತ್ತೆ ಕೇಳಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತ ಕಿನುಯೊ ಬಾಗಿಲನ್ನೇ ನೋಡುತ್ತಿದ್ದಳು. ಹುಡುಗಿ ಒಲ್ಲೆ ಅಂದರೆ ಒಳ್ಳೆಯದು ಅಂತ ಒಂದು ಮನಸ್ಸು. ಅಂದುಬಿಟ್ಟರೆ ಗತಿಯೇನು ಅಂತ ಇನ್ನೊಂದು. ನಾಗಿಸಾ ಹೊರಗೆ ಬಂದವಳು, "ಹಸಿವಾಗ್ತಿದೆ, ಏಳಿ" ಎಂದಳು, ಅಷ್ಟೇ.

ಡಾಕ್ಟರು ಹೊರಿಕಾವಾ ಇನ್ನೊಂದು ವಿಷಯ ಎತ್ತಿದರು. ಹೊಸ ರೀತಿಯ ಚಿಕಿತ್ಸೆ, ಇನ್ನೂ ಪ್ರಯೋಗದ ಹಂತದ್ದು, ಒಪ್ಪಿದರೆ ಮಾತ್ರ. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಹಿಂಭಾಗದಲ್ಲಿ ದುಂಡುದುಂಡಗೆ ಏನೇನೋ ಬರೆದರು. ಚಿತ್ರ ಬರೆಯಲು ಅವರಿಗೆ ಒಂದಿಷ್ಟೂ ಬರುತ್ತಿರಲಿಲ್ಲ.

"ಮೈಯೊಳಗೆ ಕಾವಲು ಕಾಯೋ ಬಿಳಿ ಕಣಗಳಿವೆ ಕಿನುಯೊ ಅವರೇ. ಹೊರಗಿನದು ಏನೇ ಬರಲಿ, ಹೊಡೀತವೆ. ನಾಗಿಸಾ ಅವರ ಲಿವರನ್ನೂ ಬಿಡಲ್ಲ. ಅದಕ್ಕೇ ಕಸಿ ಮಾಡಿಸಿಕೊಂಡೋರಿಗೆ ಬದುಕಿರೋವರೆಗೂ ಮಾತ್ರೆ ಕೊಟ್ಟು ಇಡೀ ಕಾವಲನ್ನೇ ತೂಕಡಿಸೋ ಹಾಗೆ ಮಾಡ್ತೀವಿ. ಆಗ ನಿಜವಾದ ಕಳ್ಳ ಬಂದ್ರೂ ಏಳೋದು ಕಷ್ಟ. ಸೋಂಕು ತಗಲುತ್ತೆ, ಮೂತ್ರಪಿಂಡ ಸೊರಗುತ್ತೆ, ಬಿಸಿಲಿಗೆ ಹೋದ್ರೆ ಚರ್ಮದ ಕ್ಯಾನ್ಸರ್ ಭಯ."

"ಬಿಸಿಲಿಗೆ ಹೋಗಬಾರದಾ?" ಕಿನುಯೊಗೆ ಅದೊಂದೇ ಕೇಳಿಸಿತ್ತು.

"ಕೇಳಿ. ಅದೇ ಕಣಗಳ ಗುಂಪಿನಲ್ಲಿ ಕೆಲವು ಬೇರೆ ಜಾತಿಯವು. ನಿಯಂತ್ರಕ ಟಿ ಕಣ ಅಂತೀವಿ. ಹೊಡೆಯೋಕೆ ಹೊರಟವನ್ನ ಇವು ತಡೀತವೆ. ಅವು ಹೆಚ್ಚಿಕೊಳ್ಳೋಕೆ ಬೇಕಾದ ಗ್ರಾಸವನ್ನ ತಾವೇ ತಿಂದು ಖಾಲಿ ಮಾಡ್ತವೆ. ಶತ್ರು ಬಂದ ಅಂತ ಕೂಗಿ ಎಬ್ಬಿಸೋ ಕಣಗಳ ಬಾಯಿ ಮುಚ್ಚಿಸ್ತವೆ. ಉರಿಯೂತ ಇಳಿಸೋ ರಸ ಬಿಡ್ತವೆ. ಎಲ್ಲರ ಮೈಯಲ್ಲೂ ಇವೆ. ಹುಟ್ಟುತ್ತಲೇ ಇವು ಕೆಟ್ಟಿರೋ ಮಕ್ಕಳ ಮೈಯನ್ನ ಅವರ ಕಾವಲೇ ತಿಂದು ಹಾಕುತ್ತೆ."

"ಜಗಳ ಬಿಡಿಸೋರು ಅನ್ನಿ" ಎಂದಳು ಕಿನುಯೊ. "ನಮ್ಮ ಮೀನುಗಾರರ ಸಂಘದಲ್ಲಿ ಅಂಥೋರು ಒಬ್ಬರೂ ಇಲ್ಲ."

"ನಮ್ಮ ಮನೇಲೂ ಇಲ್ಲ" ಎಂದಳು ನಾಗಿಸಾ.

ಡಾಕ್ಟರು ನಕ್ಕು ಮುಂದುವರಿಸಿದರು. ಇಬ್ಬರ ರಕ್ತದಿಂದಲೂ ಬಿಳಿ ಕಣಗಳನ್ನು ತೆಗೆಯುವುದು, ನಾಗಿಸಾಳ ಕಣಗಳು ಜಗಳಕ್ಕೆ ಬಾರದಂತೆ ಮಾಡಿ ಕಿನುಯೊಳ ಕಣಗಳ ಜೊತೆ ಬಿಡುವುದು, ಸಿಟ್ಟಿಗೇಳುವ ಸಂಕೇತ ಮುಟ್ಟದಂತೆ ಔಷಧ ಹಾಕುವುದು. ಹಾಗೆ ದಿನಗಟ್ಟಲೆ ಒಟ್ಟಿಗಿಟ್ಟು ಸಾಕಿದರೆ ಆ ಒಂದು ಲಿವರಿನ ಮಟ್ಟಿಗೆ ಜಗಳ ಬಿಡಿಸುವ ಕಣಗಳು ಹೆಚ್ಚುತ್ತವೆ. ಅವನ್ನು ಕಿನುಯೊಳ ಮೈಗೆ ತಿರುಗಿ ಹರಿಸುವುದು. ಅವು ನೆಲೆ ನಿಂತರೆ ಮಾತ್ರೆಗಳನ್ನು ಇಳಿಸುತ್ತ ಇಳಿಸುತ್ತ ಒಂದು ದಿನ ಪೂರ್ತಿ ನಿಲ್ಲಿಸಬಹುದು. "ಎಲ್ಲರಲ್ಲೂ ಆಗಿಲ್ಲ" ಎಂದರು ಡಾಕ್ಟರು, "ಆಗುತ್ತೆ ಅಂತ ಮಾತು ಕೊಡಲ್ಲ."

ಕಿನುಯೊಗೆ ಅರ್ಧ ಅರ್ಥವಾಯಿತು. ಬಿಸಿಲಿಗೆ ಹೋಗಬಹುದೆಂಬುದಂತೂ ಪೂರ್ತಿ ಅರ್ಥವಾಯಿತು. ಒಪ್ಪಿದಳು.

ಶಸ್ತ್ರಚಿಕಿತ್ಸೆ ಚಳಿಗಾಲದಲ್ಲಿ ಆಯಿತು. ಕಣ್ಣು ಬಿಟ್ಟಾಗ ಕಿನುಯೊ ಮೊದಲು ಕೇಳಿದ್ದು ಸೊಸೆಯ ಬಗ್ಗೆ. ಪಕ್ಕದ ವಾರ್ಡಿನಲ್ಲಿದ್ದಾಳೆ, ನೋವಿದೆ, ಆದರೆ ಚೆನ್ನಾಗಿದ್ದಾಳೆ ಎಂದು ನರ್ಸು ಹೇಳುವವರೆಗೂ ಕೇಳುತ್ತಲೇ ಇದ್ದಳು. ಮಸಾಹಿಕೊ ಎರಡು ವಾರ್ಡುಗಳ ನಡುವೆ ಹೋಗಿ ಬಂದು ಹೋಗಿ ಬಂದು, ಕೊನೆಗೆ ನಡುವಿನ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ.

ಎರಡು ವಾರದ ಹತ್ತಿರ ಕಳೆದ ಮೇಲೆ ಆ ಸಾಕಿದ ಕಣಗಳು ಬಂದವು. ಡಬ್ಬಿ ಹಿಡಿದ ಇಬ್ಬರು, ಹಿಂದೆ ಡಾಕ್ಟರು, ಅವರ ಹಿಂದೆ ಕೋಲೂರಿಕೊಂಡು ನಾಗಿಸಾ. ದೊಡ್ಡದೇನನ್ನೋ ನಿರೀಕ್ಷಿಸಿದ್ದ ಕಿನುಯೊಗೆ ಕಂಡದ್ದು ಅಂಗೈ ಅಗಲದ ಚೀಲ, ಒಳಗೆ ಅಕ್ಕಿ ತೊಳೆದ ನೀರಿನಂಥ ಮಬ್ಬು ದ್ರವ.

"ಇಷ್ಟೇನಾ?"

"ಇಷ್ಟೇ" ಎಂದರು ಡಾಕ್ಟರು.

"ಇದರಲ್ಲಿ ಅವಳದು ಯಾವುದು, ನಂದು ಯಾವುದು?"

"ಹೆಚ್ಚು ಕಮ್ಮಿ ಎಲ್ಲ ನಿಮ್ಮದೇ. ಅವರ ಪರಿಚಯ ಮಾಡಿಕೊಂಡಿವೆ, ಅಷ್ಟೇ."

"ಹನ್ನೆರಡು ವರ್ಷದಲ್ಲಿ ನನಗಾಗದ್ದನ್ನ ಇವು ಎರಡೇ ವಾರದಲ್ಲಿ ಮಾಡಿದವಾ!" ಎಂದಳು ಕಿನುಯೊ. ನಾಗಿಸಾ ನಗಲು ಹೋಗಿ ಹೊಲಿಗೆ ಎಳೆದು, "ಅಯ್ಯೋ ಅತ್ತೆ, ನಗಿಸಬೇಡಿ" ಎಂದು ಹೊಟ್ಟೆ ಹಿಡಿದುಕೊಂಡಳು.

ಮೊದಲ ಬೇಸಿಗೆ ಕಿನುಯೊಗೆ ಸೆರೆಮನೆಯಂತಾಯಿತು. ಮಾತ್ರೆಗಳು ಇನ್ನೂ ಪೂರ್ತಿ ಇದ್ದವು. ಕೈ ನಡುಗುತ್ತಿತ್ತು, ಬಾಯಲ್ಲಿ ಹುಣ್ಣು, ಹೊರಗಿನವರು ಬಂದರೆ ಮುಖಕ್ಕೆ ಮಾಸ್ಕು. ಎಲ್ಲದಕ್ಕಿಂತ ಹೆಚ್ಚಾಗಿ ಬಿಸಿಲು ಬೀಳುವ ಅಂಗಳವನ್ನು ಗಾಜಿನ ಕಿಟಕಿಯ ಹಿಂದೆ ಕೂತು ನೋಡಬೇಕಾಗಿತ್ತು. ನಾಗಿಸಾ ಕೂಲಿಯವರನ್ನು ಕಟ್ಟಿಕೊಂಡು ಪಾಚಿ ಹಾಸುವಳು. ಕಿನುಯೊ ಕಿಟಕಿ ಬಡಿದು ಕೂಗುವಳು, "ಆ ಮೂರನೇ ಎಳೆ ತಿರುಚಿದೆ ಕಣೇ! ಬುಡ ಸಮುದ್ರದ ಕಡೆ ಇರಲಿ!" ಗಾಜಿನಾಚೆ ನಾಗಿಸಾ ಕಿವಿಗೆ ಕೈ ಹಚ್ಚಿ, ಕೇಳಿಸಲ್ಲ ಎಂದು ಸನ್ನೆ ಮಾಡುವಳು. ಕೇಳಿಸುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಆ ಎಳೆ ನೇರವಾಗಿರುತ್ತಿತ್ತು.

ಶರತ್ಕಾಲಕ್ಕೆ ಮಾತ್ರೆ ಇಳಿಯತೊಡಗಿತು. ದಿನಕ್ಕೆರಡು ಹೊತ್ತು ಇದ್ದದ್ದು ಒಂದು ಹೊತ್ತಾಯಿತು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಪ್ರತಿ ಸಲವೂ ರಕ್ತ ಪರೀಕ್ಷೆ, ಪ್ರತಿ ಸಲವೂ ಹೆದರಿಕೆ, ಪ್ರತಿ ಸಲವೂ "ಚೆನ್ನಾಗಿದೆ." ಮರುವರ್ಷ ಪಾಚಿಯ ಕಾಲ ಶುರುವಾಗುವ ಹೊತ್ತಿಗೆ ಡಾಕ್ಟರು ಹೊರಿಕಾವಾ, "ಇನ್ನು ಬೇಡ, ಪೂರ್ತಿ ನಿಲ್ಲಿಸಿ" ಎಂದರು. ಕಿನುಯೊ ಮನೆಗೆ ಬಂದವಳೇ ಅಗಲ ಅಂಚಿನ ಟೋಪಿ ಕಟ್ಟಿಕೊಂಡು ಅಂಗಳಕ್ಕಿಳಿದಳು. ಕಲ್ಲುಗಳ ಕಾವು ಚಪ್ಪಲಿ ದಾಟಿ ಅಂಗಾಲಿಗೆ ಹತ್ತಿತು. ಅವಳು ಸುಮ್ಮನೆ ನಿಂತೇ ಇದ್ದಳು. ಯಾರನ್ನೂ ಬೈಯಲಿಲ್ಲ. ಕೂಲಿಯವರು ಗಾಬರಿಯಾಗಿ ಮುಖ ಮುಖ ನೋಡಿಕೊಂಡರು.

ಆ ಬೇಸಿಗೆಯ ಕೊನೆಗೆ ಅತ್ತೆ ಸೊಸೆ, ಊರ ಹೆಂಗಸರೆಲ್ಲ ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಕೂರುವ ಸ್ನಾನದ ಮನೆಗೆ ಹೋದರು. ಕಿನುಯೊ ಹೋಗದೆ ಎಷ್ಟೋ ಕಾಲವಾಗಿತ್ತು. ನಾಗಿಸಾ ಮಾತ್ರ ಬೇಕೆಂದೇ ಹೋಗುತ್ತಿರಲಿಲ್ಲ ಎಂಬುದು ಬಟ್ಟೆ ಬಿಚ್ಚುವಾಗ ಕಿನುಯೊಗೆ ತಿಳಿಯಿತು. ಹುಡುಗಿ ಚಿಕ್ಕ ಟವೆಲನ್ನು ಎದೆಯ ಕೆಳಗೆ ಅವುಚಿ ಹಿಡಿದಿದ್ದಳು. ಬಲ ಪಕ್ಕೆಯಿಂದ ನಡು ಹೊಟ್ಟೆಯವರೆಗೆ ಬಾಗಿದ ಗಾಯದ ಗೆರೆ, ಇನ್ನೂ ಕೆಂಪಗಿತ್ತು. ಕಿನುಯೊ ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ತನ್ನ ಟವೆಲನ್ನು ಮಡಿಸಿ ತಲೆಯ ಮೇಲಿಟ್ಟುಕೊಂಡು, ತನ್ನ ಗಾಯವನ್ನು ಎಲ್ಲರೂ ನೋಡುವ ಹಾಗೆ ಮುಂದೆ ಮಾಡಿಕೊಂಡು ಮೊದಲು ನೀರಿಗಿಳಿದಳು.

ನೀರಿನಲ್ಲಿ ಪಕ್ಕದ ಮನೆಯ ತ್ಸುರು ಅಜ್ಜಿ ಕೂತಿದ್ದಳು. ಒಂದು ಹೊಟ್ಟೆ ನೋಡಿದಳು, ಇನ್ನೊಂದು ಹೊಟ್ಟೆ ನೋಡಿದಳು. "ಇಬ್ಬರಿಗೂ ಒಬ್ಬನೇ ದರ್ಜಿ ಹೊಲಿದನೇನ್ರೇ?"

"ಹೌದು ತ್ಸುರಕ್ಕ" ಎಂದಳು ಕಿನುಯೊ. "ಬಟ್ಟೆ ಅವಳದು, ಹೊಲಿಗೆ ನಂದು."

ನಾಗಿಸಾ ಟವೆಲು ತೆಗೆದಿಟ್ಟು ನೀರಿಗಿಳಿದಳು.

ಎಲ್ಲ ಹೀಗೆ ನೆಟ್ಟಗಾಯಿತು ಅನ್ನುವ ಹೊತ್ತಿಗೇ ವಸಂತದ ರಕ್ತ ಪರೀಕ್ಷೆ ಕೈಕೊಟ್ಟಿತು. ಡಾಕ್ಟರು ಹೊರಿಕಾವಾ ತಾವೇ ಫೋನು ಮಾಡಿದರು. ಲಿವರಿಗೆ ಪೆಟ್ಟಾದರೆ ಏರುವ ಅಂಶಗಳು ಏರಿವೆ. ಕಾವಲಿನ ಕಣಗಳು ಮತ್ತೆ ಎದ್ದು ಹೊಡೆಯುತ್ತಿರಬಹುದು. ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡಬೇಕು. ಹಾಗೇ ಆಗಿದ್ದರೆ ಮತ್ತೆ ಮಾತ್ರೆ, ಈ ಸಲ ಬಹುಶಃ ಜೀವನವಿಡೀ. ತಡವಾದರೆ ಲಿವರೇ ಹೋದೀತು.

ಮಸಾಹಿಕೊ ದೋಣಿ ರಿಪೇರಿಯ ನಡುವೆ ಸಿಕ್ಕಿಕೊಂಡಿದ್ದ. ನಾಗಿಸಾಳೇ ಕಾರು ಓಡಿಸಿದಳು. ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. "ಬ್ರೇಕು ಹಾಕೇ" ಅಂತ ಕೂಡ ಅನ್ನಲಿಲ್ಲ. ನಾಗಿಸಾಗೆ ಅದೇ ಹೆಚ್ಚು ಭಯವಾಯಿತು.

ಚೂರು ತೆಗೆದ ಮೇಲೆ ಫಲಿತಾಂಶಕ್ಕೆ ಮಾರನೆಯ ದಿನದವರೆಗೆ ಕಾಯಬೇಕಾಗಿತ್ತು. ಮರುದಿನ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಬ್ಬರೂ ಎದುರುಬದುರು ಕೂತರು. ಮುಂದೆ ಎರಡು ಬೋಗುಣಿ ಬಿಸಿ ರಾಮೆನ್ ಸೇವಿಗೆ, ಮೇಲೆ ಬೆಣ್ಣೆಯ ತುಂಡು ಕರಗುತ್ತಿತ್ತು. ಕಿನುಯೊ ಚಾಪ್‌ಸ್ಟಿಕ್ಕು ಎತ್ತಲಿಲ್ಲ.

"ತಿನ್ನಿ ಅತ್ತೆ. ಆರುತ್ತೆ."

"ನಾಗಿಸಾ."

ಹೆಸರು ಹಿಡಿದು ಕರೆದದ್ದು ಕೇಳಿ ನಾಗಿಸಾ ತಲೆ ಎತ್ತಿದಳು. 'ಲೇ', 'ಏನೇ', 'ಗುನ್ಮಾದೋಳೇ' ಬಿಟ್ಟರೆ ಅತ್ತೆಯ ಬಾಯಲ್ಲಿ ಅವಳಿಗೆ ಹೆಸರಿರಲಿಲ್ಲ.

"ನನಗೆ ಸಾಯೋದರ ಭಯ ಇಲ್ಲ ಕಣೇ. ಎಪ್ಪತ್ತು ಹತ್ತಿರ ಬಂತು. ಆದ್ರೆ ಆ ಸ್ನಾನದ ಮನೇಲಿ ನಿನ್ನ ಹೊಟ್ಟೆ ನೋಡಿದೆನಲ್ಲ... ನನ್ನ ಮೈ ನಿಂದನ್ನ ಹೊಡೆದು ಹಾಕಿಬಿಟ್ರೆ, ನಿನ್ನನ್ನ ಸುಮ್ಮಸುಮ್ಮನೆ ಕೊಯ್ದ ಹಾಗಾಯ್ತು. ಅಪ್ಪ ಅಮ್ಮ ಹೆತ್ತು ಕಳಿಸಿದ ಚೊಕ್ಕ ಮೈ." ಕಿನುಯೊ ಮೇಜಿನ ಅಂಚನ್ನು ಹಿಡಿದುಕೊಂಡಳು. "ಅದನ್ನ ಉಳಿಸಿಕೊಳ್ಳೋ ಯೋಗ್ಯತೆ ಈ ಮುದಿ ಮೈಗಿಲ್ಲ ಅಂದ್ರೆ ನಿನ್ನ ಮುಖ ಹೇಗೆ ನೋಡಲಿ?"

ನಾಗಿಸಾ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು. "ಮದುವೆಯಾದಾಗಿಂದ ನೀವು ಬಾಯಲ್ಲಿ ಹೊಡೀತಾನೇ ಇದ್ದೀರಿ. ನಾನು ಬಿಟ್ಟು ಹೋದ್ನಾ?"

"ಇಲ್ಲ."

"ಹಂಗಾದ್ರೆ ನನ್ನ ಲಿವರೂ ಹೋಗಲ್ಲ. ತಿನ್ನಿ."

ಕಿನುಯೊಗೆ ನಗು ಬಂತೋ ಅಳು ಬಂತೋ, ಮೂಗು ಒರೆಸಿಕೊಂಡು ಎರಡು ತುತ್ತು ತಿಂದಳು. ಅಷ್ಟರಲ್ಲಿ ಹೆಸರು ಕೂಗಿದರು.

ಡಾಕ್ಟರು ಹೊರಿಕಾವಾ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿ ಕಾಯುತ್ತಿದ್ದರು. ಅವರ ಮುಖದಿಂದ ಏನನ್ನೂ ತಿಳಿಯುವಂತಿರಲಿಲ್ಲ. ನಾಗಿಸಾ ಅತ್ತೆಯ ತೋಳು ಹಿಡಿದುಕೊಂಡಳು.

"ಮೊದಲು ಮುಖ್ಯವಾದ್ದು ಹೇಳ್ತೀನಿ. ಜಗಳ ನಡೀತಿಲ್ಲ."

ಕಿನುಯೊ ಅರ್ಥವಾಗದವಳಂತೆ ನೋಡಿದಳು.

"ಬನ್ನಿ, ನೋಡಿ. ಆ ಚೂರಿಗೆ ಬಣ್ಣ ಹಾಕಿದ್ದೀವಿ. ಈ ಕಂದು ಚುಕ್ಕೆಗಳಿವೆಯಲ್ಲ, ಇವು ನಿಯಂತ್ರಕ ಕಣಗಳು. ಲಿವರಿನ ಒಳಗೇ ಮನೆ ಮಾಡಿಕೊಂಡು ಕೂತಿವೆ. ಪಕ್ಕದಲ್ಲಿರೋ ಇವು ಹೊಡೆಯೋ ಜಾತಿಯವು, ಅವೂ ಇವೆ, ಆದ್ರೆ ಏನೂ ಮಾಡ್ತಿಲ್ಲ. ಪಿತ್ತನಾಳ ಚೆನ್ನಾಗಿದೆ, ರಕ್ತನಾಳ ಚೆನ್ನಾಗಿದೆ. ನಾನು ನೋಡಿರೋ ಚೂರುಗಳಲ್ಲಿ ಇಷ್ಟು ಶಾಂತವಾಗಿರೋದು ಕಮ್ಮಿ."

"ಮತ್ತೆ ರಕ್ತದಲ್ಲಿ ಏರಿದ್ದು?" ಎಂದಳು ನಾಗಿಸಾ.

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. ಕಂದು ಚುಕ್ಕೆಗಳ ಆಚೆ ಗುಂಡಗಿನ ಬಿಳಿ ತೂತುಗಳು, ಜರಡಿಯ ಹಾಗೆ. "ಇದು ಕೊಬ್ಬು. ಕಳೆದ ಚಳಿಗಾಲದಲ್ಲಿ ತೂಕ ಎಷ್ಟು ಏರಿಸಿಕೊಂಡಿದೀರಿ ಕಿನುಯೊ ಅವರೇ?"

ಮರುಕ್ಷಣ ನಾಗಿಸಾ ಕುರ್ಚಿಯಿಂದ ಎದ್ದೇ ಬಿಟ್ಟಳು. "ಕೊಬ್ಬಾ! ಅತ್ತೆ, ನಾನು ಕೊಟ್ಟಾಗ ಅದು ಫಳಫಳ ಅಂತಿತ್ತು! ಡಾಕ್ಟ್ರೇ, ನೀವೇ ಹೇಳಿದ್ರಿ ಇಂಥ ಲಿವರು ನೋಡಿಲ್ಲ ಅಂತ! ಏನು ಮಾಡಿಟ್ಟಿದೀರಿ ಅದನ್ನ?"

"ಬಾಯಿ ಹುಣ್ಣು ವಾಸಿಯಾಗಿತ್ತು..." ಕಿನುಯೊಳ ದನಿ ಹುಡುಗಿಯ ದನಿಯಂತಾಗಿತ್ತು. "ರುಚಿ ವಾಪಸ್ಸು ಬಂದಿತ್ತು ಕಣೇ. ಅನ್ನ ರುಚಿ, ಆಲೂಗಡ್ಡೆ ರುಚಿ, ಬೆಣ್ಣೆ..."

"ಮಸಾಹಿಕೊ ಜೊತೆ ಕೂತು ಕೋಳಿ!"

"ಅದೂ ಸ್ವಲ್ಪ."

ಮೆಲುದನಿಯ ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ಭುಜ ಕುಲುಕಿಸುತ್ತಿದ್ದರು. ನಾಗಿಸಾ ಬೈಯುತ್ತ ಬೈಯುತ್ತಲೇ ದೊಪ್ಪನೆ ಕೂತಳು, ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದು ಕಿನುಯೊಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಸೊಸೆಯ ಬೆನ್ನ ಮೇಲೆ ಕೈಯಿಟ್ಟು, ಹೇಗೆ ಸವರಬೇಕೆಂದು ತಿಳಿಯದೆ, ಪಾಚಿಯ ಸುಕ್ಕು ತೆಗೆಯುವ ಹಾಗೆ ಮೇಲಿಂದ ಕೆಳಕ್ಕೆ ಎಳೆದಳು.

"ಮಾತ್ರೆ ಬೇಡ" ಎಂದರು ಡಾಕ್ಟರು. "ಬೆಣ್ಣೆ ಕಮ್ಮಿ ಮಾಡಿ, ದಿನಾ ನಡೀರಿ. ಮೂರು ತಿಂಗಳಿಗೆ ಮತ್ತೆ ರಕ್ತ ನೋಡೋಣ."

ವಾಪಸ್ಸು ಬರುವಾಗ ಕಿಟಕಿ ಇಳಿಸಿದ್ದರು. ಕಿನುಯೊಳ ಬಾಯಿ ಒಂದು ಗಳಿಗೆ ಸುಮ್ಮನಿರಲಿಲ್ಲ: ಇಷ್ಟು ವೇಗ ಯಾಕೆ, ಆ ಲಾರಿಯ ಹಿಂದೆ ಯಾಕೆ, ಗುನ್ಮಾದಲ್ಲಿ ಹೀಗೇ ಓಡಿಸೋದಾ. ನಾಗಿಸಾ ಎಲ್ಲದಕ್ಕೂ "ಹೂಂ ಹೂಂ" ಅನ್ನುತ್ತಿದ್ದಳು. ನೀಕಾಪ್ಪು ಊರು ದಾಟುವಾಗ ರಸ್ತೆಯ ಪಕ್ಕದ ಹುಲ್ಲುಗಾವಲಿನಲ್ಲಿ ಕುದುರೆಗಳು ಮರಿಗಳೊಂದಿಗೆ ನಿಂತಿದ್ದವು.

"ನಿಲ್ಸು" ಎಂದಳು ಕಿನುಯೊ.

"ಏನಾಯ್ತು? ನೋವಾ?"

"ಇಲ್ಲ ಕಣೇ. ಈ ದಾರೀಲಿ ಜೀವಮಾನವಿಡೀ ಓಡಾಡಿದೀನಿ, ಒಂದು ಸಲಾನೂ ನಿಂತು ನೋಡಿಲ್ಲ. ಡಾಕ್ಟ್ರು ನಡೀರಿ ಅಂದ್ರಲ್ಲ."

ಇಬ್ಬರೂ ಬೇಲಿಯ ಗುಂಟ ನಡೆದರು. ಒಂದು ಮರಿ ನೆಟ್ಟಗೆ ನಿಲ್ಲಲು ಬಾರದೆ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಹಾಕುತ್ತ ತಾಯಿಯ ಸುತ್ತ ಓಡಿತು. ನಾಗಿಸಾಳ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಸಾಹಿಕೊ. ಅವಳು ಎತ್ತಿದಳು, "ರೀ..." ಎಂದಳು, ಮುಂದೆ ಮಾತೇ ಹೊರಡಲಿಲ್ಲ. ಆ ಕಡೆಯಿಂದ "ಏನು? ಏನಾಯ್ತು? ಅಮ್ಮ ಹೇಗಿದಾಳೆ?" ಎಂಬ ಕೂಗು ಬೇಲಿಯಾಚೆಯ ಕುದುರೆಗೂ ಕೇಳಿಸುವಂತಿತ್ತು.

ಕಿನುಯೊ ಫೋನು ಕಸಿದುಕೊಂಡಳು. "ಬಡ್ಕೋಬೇಡ. ಏನೂ ಆಗಿಲ್ಲ. ಒಳಗೆ ಎಲ್ಲಾ ತಣ್ಣಗಿದಾರೆ. ಹೂಂ, ಮಾತ್ರೇನೂ ಇಲ್ಲ. ಅಳ್ತಿಲ್ಲ ಅವಳು, ಗಾಳಿಗೆ ಕಣ್ಣಲ್ಲಿ ನೀರು. ಕೇಳಿಲ್ಲಿ, ನಾವು ಬರೋದು ತಡವಾಗುತ್ತೆ, ಅನ್ನಕ್ಕಿಟ್ಟಿರು. ಮೀನು ಬೇಯಿಸು, ಕರೀಬೇಡ."

ಫೋನು ತಿರುಗಿಸಿ ಕೊಟ್ಟು, ಸೊಸೆಯ ತೋಳಿಗೆ ತೋಳು ಹಾಕಿಕೊಂಡು, ಅವಳು ಬೇಲಿಯ ಮುಂದಿನ ತಿರುವಿನ ಕಡೆಗೆ ಹೆಜ್ಜೆ ಹಾಕಿದಳು.